ಅಡ್ಡಹೆಸರು: ತಂದೆ

ನಮ್ಮ ಸರ್ ಹಾಲಿನ ಪಾಕೀಟುಗಳನ್ನು ತೊಳೆದು ಪ್ರಯೋಗಾಲಯದ ಕಿಟಕಿಯ ಸರಳುಗಳಿಗೆ ಒಣಹಾಕುತ್ತಿದ್ದರು. ಮಣ್ಣಿನ ಮಾದರಿ ತುಂಬಲು ಚೀಲ ಬೇಕೆಂದು ಅವರು ಬರೆದ ಬೇಡಿಕೆಪತ್ರ ಯಾವ ಮೇಜಿನ ಮೇಲೆ ಕೂತಿತ್ತೋ, ನಾನು ಅವರ ಕೈಕೆಳಗೆ ಪಿಎಚ್‌.ಡಿ ಮಾಡಿದ ಐದು ವರ್ಷದಲ್ಲಿ ಚೀಲವಂತೂ ಬರಲಿಲ್ಲ. ಅವರ ಮನೆಯ ಹಾಲು, ಕಾಲೇಜಿನ ಮುಂದಿನ ಚಹಾದಂಗಡಿಯ ಹಾಲು, ಎಲ್ಲದರ ಪಾಕೀಟುಗಳೂ ಅಲ್ಲಿಗೇ ಬರುತ್ತಿದ್ದವು. ಎಷ್ಟು ತೊಳೆದರೂ ಆ ಕೋಣೆಯ ಹುಳಿ ವಾಸನೆ ಹೋಗುತ್ತಿರಲಿಲ್ಲ. ಹೊಸಬರು ಬಂದು ಮೂಗು ಮುಚ್ಚಿಕೊಂಡರೆ, "ಏನಿಲ್ರಿ, ಇದು ವಿಜ್ಞಾನದ ವಾಸನಿ" ಎನ್ನುತ್ತಿದ್ದರು.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ಹೆಂಡತಿ ಬೇಡವೆಂದಿದ್ದಾರೆ. ಬದುಕಿದ್ದಾಗಲೇ ಆ ಹೆಸರು ಅವರಿಗೆ ಬೇಕಾದಷ್ಟು ಕಾಟ ಕೊಟ್ಟಿತ್ತು.

ಅವರು ಯಾದಗಿರಿಯ ಕಾಲೇಜೊಂದರಲ್ಲಿ ಮಣ್ಣಿನ ವಿಜ್ಞಾನಿಯಾಗಿದ್ದರು. ಕಾಲುವೆ ಬಂದ ಮೇಲೆ ನಮ್ಮ ಕಡೆ ಎರೆಭೂಮಿಯಲ್ಲಿ ಭತ್ತ ಶುರುವಾಯಿತು. ನೀರು ನಿಂತು ನಿಂತು ಒಳಗಿನ ಉಪ್ಪು ಮೇಲೆ ಬಂತು. ಹೊಲದ ಮೇಲೆ ಸುಣ್ಣ ಚೆಲ್ಲಿದಂತೆ ಬೆಳ್ಳಗೆ ಕಾಣುವ ಆ ನೆಲಕ್ಕೆ ಸವಳು ಎನ್ನುತ್ತಾರೆ. ಉಪ್ಪು ಎಷ್ಟು ಆಳದಿಂದ, ಯಾವ ತಿಂಗಳಲ್ಲಿ, ಎಷ್ಟು ವೇಗದಲ್ಲಿ ಮೇಲೇರುತ್ತದೆ ಎಂಬುದೇ ಅವರ ಜೀವಮಾನದ ಪ್ರಶ್ನೆ. ದೋರನಹಳ್ಳಿಯ ರೈತರು ಅವರನ್ನು ಉಪ್ಪಿನ ಮಾಸ್ತರ ಎಂದು ಕರೆಯುತ್ತಿದ್ದರು. ಹೊಲಕ್ಕೆ ಹೋದರೆ ಮೊದಲು ಚಪ್ಪಲಿ ಬಿಟ್ಟು, ಚಿಟಿಕೆ ಮಣ್ಣು ನಾಲಿಗೆಗಿಟ್ಟು, ಉಗುಳಿ, ಒಂದು ಅಂಕಿ ಹೇಳುತ್ತಿದ್ದರು. ನಾನು ಅದನ್ನು ಚೀಟಿಯಲ್ಲಿ ಬರೆದು ಪಾಕೀಟಿಗೆ ಹಾಕಬೇಕು. ಪ್ರಯೋಗಾಲಯದಲ್ಲಿ ಯಂತ್ರ ಹೇಳುವ ಅಂಕಿ ಅವರ ನಾಲಿಗೆಗಿಂತ ಬಹಳ ಬೇರೆ ಬಂದರೆ ಯಂತ್ರದ ತಂತಿ ತೆಗೆದು ಒರೆಸು ಎನ್ನುತ್ತಿದ್ದರು. ಎರಡು ಸಲ ಒರೆಸಿದ ಮೇಲೂ ಯಂತ್ರ ಹಟ ಹಿಡಿದರೆ ಮಾತ್ರ ತಮ್ಮ ಅಂಕಿ ಹೊಡೆದುಹಾಕುತ್ತಿದ್ದರು. ಆದರೆ ಹೊಡೆದುಹಾಕಿದ್ದು ಓದಲು ಬರುವಂತಿರಬೇಕು, ಗೀಚಿ ಮುಚ್ಚಬಾರದು. ಅದು ಅವರ ಕಟ್ಟುನಿಟ್ಟು.

ನಾನು ರಂಗಂಪೇಟೆಯವಳು. ನನ್ನ ಅವ್ವ ಸುರಪುರದ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದವಳು, ಡಿಗ್ರಿ ಮಾಡಿದವಳು, ಎಮ್ಮೆಸ್ಸಿ ಮಾಡಿದವಳು, ಎಲ್ಲ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನನ್ನ ಒಂದೊಂದು ಮಾರ್ಕೂ ನಾನು ಗಳಿಸಿದ್ದು. ಸರ್ ಮೊದಲ ದಿನ ನನ್ನ ಅಂಕಪಟ್ಟಿಗಳನ್ನು ಬಿಡಿಸಿ ನೋಡಿ, ಮಡಚಿ ಕೊಟ್ಟು, ಮನೆಯಲ್ಲಿ ಯಾರಾದರೂ ಓದಿದವರು ಇದ್ದಾರೇನು ಎಂದು ಕೇಳಿದರು. ಇಲ್ಲ ಎಂದೆ. "ನಮ್ಮನ್ಯಾಗೂ ಇದ್ದಿಲ್ಲ. ನಮ್ಮಪ್ಪ ದೇವಾಪುರದಾಗ ಕುರಿ ಕಾಯ್ತಿದ್ದ. ಬಾ, ಇಬ್ರೂ ಕೂಡಿ ಕಲಿಯೋಣು" ಎಂದರು. ಅಂದಿನಿಂದ ನನ್ನನ್ನು ತಂಗಿ ಎಂದೇ ಕರೆದರು.

ಹೊರಗಿನವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ವಿಜ್ಞಾನಿ ಕಂಡುಕೊಂಡದ್ದನ್ನು ಲೇಖನವಾಗಿ ಪತ್ರಿಕೆಗಳಿಗೆ ಬರೆಯುತ್ತಾನೆ. ಅದನ್ನು ಓದಿ ಉಪಯೋಗಿಸಿಕೊಂಡ ಬೇರೆಯವರು ತಮ್ಮ ಲೇಖನದ ಕೊನೆಯಲ್ಲಿ ಅವನ ಹೆಸರು ಹಾಕುತ್ತಾರೆ. ಅದು ಉಲ್ಲೇಖ. ಯಾರ ಯಾವ ಲೇಖನಕ್ಕೆ ಎಷ್ಟು ಉಲ್ಲೇಖ ಬಂತು ಎಂದು ಪರದೇಶದ ಜಾಲತಾಣಗಳು ಎಣಿಸಿ ಇಡುತ್ತವೆ. ಅದರ ಮೇಲೆ ಎಚ್-ಇಂಡೆಕ್ಸ್ ಎಂಬ ಒಂದು ಅಂಕಿ. ಹತ್ತು ಲೇಖನಗಳಿಗೆ ತಲಾ ಹತ್ತಾದರೂ ಉಲ್ಲೇಖ ಬಂದಿದ್ದರೆ ಹತ್ತು. ಈಗ ಬಡ್ತಿ ಕೊಡುವಾಗ ಮಾಸ್ತರ ಏನು ಕಲಿಸಿದ ಎಂದು ಯಾರೂ ಕೇಳುವುದಿಲ್ಲ, ಈ ಅಂಕಿ ಕೇಳುತ್ತಾರೆ. ಸರ್ ಇದನ್ನು ನನಗೆ ಹೇಳಿಕೊಟ್ಟದ್ದು ಹೀಗೆ: "ಮದುವಿ ಕಾರ್ಡಿನ ಕೆಳಗ ಹೆಸರು ಹಾಕಸ್ತಾರ ನೋಡು, ಸುಖಾಗಮನ ಬಯಸುವವರು ಅಂತ, ಹಂಗ ಇದು. ಹಾಕಿದ್ರ ಯಾರೂ ಓದಂಗಿಲ್ಲ. ಬಿಟ್ರ ಜನ್ಮಕ್ಕ ಮಾತಾಡಂಗಿಲ್ಲ."

ಸರ್ ಅವರ ಹೆಸರನ್ನು ಹಾಗೆ ಹಲವರು ಹಾಕಿದ್ದರು. ಆದರೆ ಅದು ಅವರ ಹೆಸರಾಗಿರಲಿಲ್ಲ.

ಆದದ್ದು ಇಷ್ಟು. ನಮ್ಮ ಕಡೆ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಇಲ್ಲದವರೇ ಬಹಳ. ಶಾಲೆಯ ದಾಖಲೆಯಿಂದ ಹಿಡಿದು ಪಹಣಿಯವರೆಗೆ ಇಂಥವನು, ತಂದೆ ಇಂಥವನು ಎಂದು ಬರೆಯುತ್ತಾರೆ. ಸರ್ ನೌಕರಿಗೆ ಸೇರಿದ ಹೊಸದರಲ್ಲಿ ಮೊದಲ ಲೇಖನವನ್ನು ಅಂಚೆಯಲ್ಲಿ ಪರದೇಶದ ಪತ್ರಿಕೆಗೆ ಕಳಿಸಿದರು. ಜೊತೆಗಿದ್ದ ನಮೂನೆಯನ್ನು ತುಂಬಿದವನು ಆಫೀಸಿನ ಗುಮಾಸ್ತ. ಅಡ್ಡಹೆಸರು ಎಂಬ ಕಾಲಮಿನಲ್ಲಿ ಏನು ಬರೆಯಬೇಕೆಂದು ಅವನಿಗೆ ತಿಳಿಯಲಿಲ್ಲ. ಸೇವಾ ಪುಸ್ತಕ ತೆಗೆದು ನೋಡಿದ. ಸರ್ ಹೆಸರಿನ ಮುಂದಿನ ಪದ 'ತಂದೆ' ಎಂದಿತ್ತು. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ. ತಿಂಗಳುಗಟ್ಟಲೆ ಕಾದು ಅಚ್ಚಾಗಿ ಬಂದ ಪ್ರತಿಯಲ್ಲಿ ನಮ್ಮ ಸರ್ ತಂದೆ ಎಂಬ ಮನೆತನದವರಾಗಿದ್ದರು. ಅಷ್ಟರಲ್ಲಿ ಅದೇ ನಮೂನೆ ನೋಡಿಕೊಂಡು ಗುಮಾಸ್ತ ಇನ್ನಷ್ಟು ಕಳಿಸಿಬಿಟ್ಟಿದ್ದ. ಒಟ್ಟು ಹನ್ನೊಂದು ಲೇಖನ ಹಾಗೆ ಹೋದವು. ಸವಳು ಏರುವ ಬಗೆಯನ್ನು ಕುರಿತ ಅವರ ಎಲ್ಲಕ್ಕಿಂತ ದೊಡ್ಡ ಕೆಲಸ ಆ ಹನ್ನೊಂದರಲ್ಲೇ ಇತ್ತು. ಎರೆಭೂಮಿ ಇರುವ ದೇಶದವರೆಲ್ಲ ಅದನ್ನು ಉಲ್ಲೇಖಿಸಿದ್ದರು, ಅವರ ಪಾಲಿಗೆ ಬರೆದವರು ತಂದೆ. ಆಮೇಲಿನ ಲೇಖನಗಳಲ್ಲಿ ಸರ್ ತಮ್ಮ ಅಪ್ಪನ ಹೆಸರನ್ನೇ ಅಡ್ಡಹೆಸರಾಗಿ ಹಾಕಿಕೊಂಡರು. ಜಾಲತಾಣದ ಪ್ರಕಾರ ತಂದೆ ಬೇರೆ, ಇವರು ಬೇರೆ.

ವರ್ಷಗಟ್ಟಲೆ ಅವರು ಇದನ್ನು ನಗೆಯಾಡಿಯೇ ಕಳೆದರು. ನಿವೃತ್ತಿಗೆ ಮೂರು ವರ್ಷ ಉಳಿದಾಗ ಪ್ರೊಫೆಸರ್ ಹುದ್ದೆಗೆ ಅರ್ಜಿ ಕರೆದರು. ಅದು ಅವರಿಗೆ ಕೊನೆಯ ಅವಕಾಶ. ಹುದ್ದೆಯ ಆಸೆ ಅವರಿಗೆ ಇರಲಿಲ್ಲ ಎಂದು ಸುಳ್ಳು ಬರೆಯುವುದಿಲ್ಲ. ಇತ್ತು. ಎದುರಿನ ವಿಭಾಗದಲ್ಲಿ ಅವರಿಗಿಂತ ಹತ್ತು ವರ್ಷ ಚಿಕ್ಕವರು ಪ್ರೊಫೆಸರ್ ಎಂಬ ಫಲಕ ಹಾಕಿಕೊಂಡು ಕೂತಿದ್ದರು. ಅದರ ಮುಂದೆ ಹಾಯುವಾಗ ಸರ್ ನಡಿಗೆ ಬದಲಾಗುತ್ತಿತ್ತು.

ನಾನೇ ಅವರನ್ನು ಶಹಾಪುರದ ಕೋರ್ಟಿಗೆ ಎಬ್ಬಿಸಿಕೊಂಡು ಹೋದೆ. ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಮಾಡಿಸಿದರೆ ಕೆಲಸವಾಗುತ್ತದೆ ಎಂಬುದು ನನ್ನ ಬುದ್ಧಿ. ನಮ್ಮ ಮನೆಯ ರೇಷನ್ ಕಾರ್ಡಿಗೆ ಹಾಗೇ ಆಗಿತ್ತು. ಕೋರ್ಟಿನ ಅಂಗಳದಲ್ಲಿ ಟೈಪ್ ಮಾಡುವ ಸಾಹೇಬರು ಕಥೆಯೆಲ್ಲ ಕೇಳಿ, ಇಂಥವು ದಿನಾ ಬರುತ್ತವೆ, ಆಧಾರಿಗೊಂದು ಹೆಸರು, ಪಹಣಿಗೊಂದು ಹೆಸರು, ಚಿಂತೆ ಬೇಡ ಎಂದರು. ಬೆರಳು ಓಡುತ್ತಿದ್ದಂತೆ ಯಾವ ಕಚೇರಿಗೆ ಸಲ್ಲಿಸಲು ಎಂದು ಕೇಳಿದರು. ಸರ್ ಪರದೇಶದ ಆ ಜಾಲತಾಣದ ಹೆಸರು ಹೇಳಿದರು. ಸಾಹೇಬರು ಕನ್ನಡಕ ಹಣೆಗೇರಿಸಿದರು.

"ಅಲ್ಲಿ ನಮ್ಮ ಬಾಂಡ್ ಪೇಪರ್ ನಡೀತದೇನ್ರಿ, ಸರ್?"

"ನೋಡೂಣ್ರಿ ಸಾಹೇಬ್ರ. ನಮ್ಮ ತಂದಿ ಅಲ್ಲಿ ತನಕ ಹೋಗ್ಯಾನ. ಕರಕೊಂಡು ಬರಬೇಕಾಗ್ಯದ."

ಬಾಂಡ್ ಪೇಪರ್ ನಡೆಯಲಿಲ್ಲ. ಲೇಖನ ಕಳಿಸುವಾಗ ಬಳಸಿದ ಇ-ಮೇಲ್ ವಿಳಾಸದಿಂದಲೇ ಬರೆಯಬೇಕು ಎಂದು ಯಂತ್ರವೇ ಬರೆದ ಉತ್ತರ ಬಂತು. ಆ ಲೇಖನಗಳು ಹೋದ ಕಾಲದಲ್ಲಿ ನಮ್ಮ ಕಾಲೇಜಿನಲ್ಲಿ ಟೆಲಿಫೋನಿಗೇ ಬೀಗವಿತ್ತು. ಮೂರು ಸಲ ಬರೆದೆವು. ಮೂರು ಸಲವೂ ಅದೇ ಉತ್ತರ.

ಇದರ ನಡುವೆ ಇನ್ನೊಂದಾಯಿತು. ಒಂದು ದಿನ ಜಾಲತಾಣ ತೆರೆದರೆ ಸರ್ ಹೆಸರಿನ ಮುಂದಿದ್ದ ಅಂಕಿ ಒಮ್ಮೆಲೇ ಹಲವು ಪಟ್ಟು ಏರಿತ್ತು. ತಂದೆ ಸಿಕ್ಕರು ಎಂದುಕೊಂಡೆ. ಅಲ್ಲ. ಬೇರೆ ರಾಜ್ಯದಲ್ಲಿ ಅವರದೇ ಹೆಸರಿನ ಒಬ್ಬ ಹೃದಯದ ಡಾಕ್ಟರು ಇದ್ದರು. ಅವರ ಲೇಖನಗಳನ್ನೆಲ್ಲ ಯಂತ್ರ ತಂದು ಸರ್ ಹೆಸರಿಗೆ ಕೂಡಿಸಿತ್ತು. ಸಂಶೋಧನಾ ಕ್ಷೇತ್ರಗಳು ಎಂಬಲ್ಲಿ ಮಣ್ಣು, ನೀರಾವರಿ, ಹೃದಯದ ಕವಾಟ ಎಂದು ಸಾಲಾಗಿ ಬರೆದಿತ್ತು. ಸುದ್ದಿ ಕೇಳಿದ ನಮ್ಮ ಜವಾನ ಚಾಚಾ ಅಂಗಿಯ ಗುಂಡಿ ಬಿಚ್ಚಿ, "ಸರ್, ಎರಡು ದಿನ ಆತು, ಇಲ್ಲಿ ಹಿಡಿದಂಗ ಆಗ್ಯದ, ನೋಡ್ರಿ" ಎಂದು ಎದುರು ನಿಂತರು. ಸರ್ ಅವರ ಎದೆಯ ಮೇಲೆ ಕಿವಿಯಿಟ್ಟು ಕೇಳಿ, ಸವಳು ಏರಿದೆ, ಭತ್ತ ಬಿಡು ಎಂದರು. ಆ ಕೋಣೆಯಲ್ಲಿ ನಾವು ಹೊಟ್ಟೆ ಹಿಡಿದು ನಕ್ಕದ್ದು ಅದೇ ಕೊನೆ.

ಅರ್ಜಿ ತುಂಬುವ ದಿನ ಬಂತು. ಲೇಖನ ಎಷ್ಟು, ಉಲ್ಲೇಖ ಎಷ್ಟು, ಎಚ್-ಇಂಡೆಕ್ಸ್ ಎಷ್ಟು, ಜಾಲತಾಣದ ಪ್ರಿಂಟ್ ಲಗತ್ತಿಸಿ. ಸರ್ ಪೆನ್ಸಿಲಿನಲ್ಲಿ ಬರೆದುಕೊಟ್ಟರು. ಡಾಕ್ಟರರ ಲೇಖನಗಳನ್ನು ಒಂದೊಂದಾಗಿ ಕಳೆದಿದ್ದರು. ತಂದೆಯ ಹನ್ನೊಂದನ್ನು ಸೇರಿಸಿರಲಿಲ್ಲ, ದಾಖಲೆಯಿಲ್ಲ ಎಂದು. ಉಳಿದ ಅಂಕಿ ಅರ್ಹತೆಗೆ ಸಾಲದಷ್ಟು ಸಣ್ಣದಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಸರ್, ನಿಮ್ಮವು ಅಲ್ಲಿ ಹೋಗ್ಯಾವ, ಅವರವು ಇಲ್ಲಿ ಬಂದಾವ. ಸರಿಗಿ ಸರಿ ಆತಲ್ರಿ. ನಾವೇನು ಕಸಗೊಂಡೇವೇನು?"

"ನಾ ಯಾರ ಎದೀನೂ ಕೊಯ್ದಿಲ್ಲ, ತಂಗಿ" ಎಂದರು. ಆಮೇಲೆ ಮಾದರಿಯ ಪಾಕೀಟುಗಳನ್ನು ಎತ್ತಿಕೊಂಡರು. ದೇವಾಪುರದಲ್ಲಿ ಕಾಲುವೆಗೆ ನೀರು ಬಿಡುವ ಮೊದಲು ಮಣ್ಣು ತೆಗೆಯಬೇಕಿತ್ತು, ಬಸ್ಸಿಗೆ ಹೊತ್ತಾಗಿತ್ತು.

ಟೈಪ್ ಮಾಡಿದವಳು ನಾನು. ಪೆನ್ಸಿಲಿನ ಅಂಕಿ ಬಿಟ್ಟು ಪ್ರಿಂಟಿನಲ್ಲಿದ್ದ ಅಂಕಿ ಹಾಕಿದೆ. ಪ್ರಿಂಟಿನಲ್ಲಿ ಇರುವುದನ್ನೇ ಬರೆದಿದ್ದೇನೆ, ಇದರಲ್ಲಿ ಸುಳ್ಳೇನಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಸ್ ನಿಲ್ದಾಣಕ್ಕೆ ಓಡಿಹೋಗಿ ಸಹಿ ಮಾಡಿಸಿಕೊಂಡೆ. ಸರ್ ಕಿಟಕಿಯಿಂದ ಕೈ ಚಾಚಿ, ನನ್ನ ನೋಟ್‌ಬುಕ್ಕಿನ ಮೇಲೆ ಕಾಗದವಿಟ್ಟು, ಕೊನೆಯ ಪುಟಕ್ಕೆ ಸಹಿ ಹಾಕಿದರು. ಒಳಗಿನ ಪುಟ ತಿರುವಲಿಲ್ಲ. ನಾನು ಬರೆದದ್ದನ್ನು ಅವರು ತಿರುವಿ ನೋಡುತ್ತಿರಲಿಲ್ಲ.

ಸಂದರ್ಶನ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಒಳಗೆ ಆದದ್ದನ್ನು ನನಗೆ ಹೇಳಿದ್ದು ಅಲ್ಲಿಯ ಆಫೀಸಿನ ಒಬ್ಬ ಪರಿಚಯದವರು. ಸಮಿತಿಯಲ್ಲಿದ್ದವರೊಬ್ಬರು ಲಗತ್ತುಗಳನ್ನು ತಿರುವುತ್ತ, ತಾವು ಈವರೆಗೆ ಎಷ್ಟು ಹೃದಯ ಬಿಚ್ಚಿದ್ದೀರಿ ಎಂದು ಕೇಳಿದರಂತೆ. ಉಳಿದವರು ನಕ್ಕರಂತೆ. ಸರ್ ಅರ್ಜಿ ಕೊಡಿ ಎಂದು ಇಸಿದುಕೊಂಡು ಆ ಪುಟವನ್ನು ಬಹಳ ಹೊತ್ತು ನೋಡಿದರಂತೆ. ಆಮೇಲೆ, ಈ ಅಂಕಿ ತಪ್ಪು, ಸಹಿ ನನ್ನದೇ ಎಂದು ಎದ್ದು ಬಂದರಂತೆ. ಯಾರು ಟೈಪ್ ಮಾಡಿದರು ಎಂದು ಒಬ್ಬರು ಕೇಳಿದ್ದರಂತೆ. ಅದಕ್ಕೂ, ಸಹಿ ನನ್ನದೇ.

ಬೇರೆಯವರ ಸಂಶೋಧನೆಯನ್ನು ತನ್ನದೆಂದು ತೋರಿಸಿದ ಆರೋಪದ ಮೇಲೆ ವಿವರಣೆ ಕೇಳಿ ಪತ್ರ ಬಂತು. ಸರ್ ಒಂದೇ ಸಾಲಿನ ಉತ್ತರ ಬರೆದರು, ತಪ್ಪು ಒಪ್ಪಿದ್ದೇನೆ ಎಂದು. ಹುದ್ದೆ ಹೋಯಿತು. ಅವರ ಕೈಕೆಳಗೆ ಇನ್ನು ಹೊಸ ವಿದ್ಯಾರ್ಥಿಗಳನ್ನು ಕೊಡಬಾರದು ಎಂದಾಯಿತು. ಯಾದಗಿರಿಯಿಂದ ಸುರಪುರದವರೆಗೆ ಸುದ್ದಿ ಹೋಗಲು ಎಷ್ಟು ದಿನ ಬೇಕು? ಕಾಲೇಜಿನಲ್ಲಿ ಅವರಿಗೆ 'ಹಾರ್ಟ್ ಸರ್' ಎಂಬ ಹೆಸರು ಬಿತ್ತು. ಹುಡುಗರು ಕರೆದರೆ ಕರೆಯಲಿ, ಜೊತೆಯ ಮಾಸ್ತರರೂ ಕರೆದರು. ಅವರು ಕೋಣೆಯಿಂದ ಹೊರಗೆ ಬರುವುದು ಕಡಿಮೆಯಾಯಿತು. ಚಹಾವನ್ನು ಚಾಚಾ ಒಳಗೇ ತಂದುಕೊಡುತ್ತಿದ್ದರು.

ನಾನು ಏಕೆ ಹೇಳಲಿಲ್ಲ? ನನ್ನ ಪ್ರಬಂಧ ಸಲ್ಲಿಸಲು ನಾಲ್ಕು ತಿಂಗಳಿತ್ತು. ಹೇಳಿದ್ದರೆ ಮೊದಲು ನನ್ನ ಪಿಎಚ್‌.ಡಿ ಹೋಗುತ್ತಿತ್ತು. ಅವ್ವ ಖಾನಾವಳಿಯಲ್ಲಿ ಉಣ್ಣಲು ಬಂದವರಿಗೆಲ್ಲ ಮಗಳು ಡಾಕ್ಟರ್ ಆಗುತ್ತಾಳೆ ಎಂದು ಹೇಳಿಯಾಗಿತ್ತು. ನಾನು ಹೆದರಿದೆ. ಇದಕ್ಕಿಂತ ದೊಡ್ಡ ಕಾರಣವೇನೂ ನನ್ನ ಹತ್ತಿರ ಇಲ್ಲ.

ಸಂದರ್ಶನದ ಮರುದಿನ ಅವರ ಕೋಣೆಗೆ ಹೋಗಿ ನಿಂತೆ. ಬಾಯಿ ಬಿಡುವ ಮೊದಲೇ, ನಾಲ್ಕನೆಯ ಅಧ್ಯಾಯ ತಂದಿಯೇನು ಎಂದರು. ಕೊಟ್ಟೆ. ಕೆಂಪು ಪೆನ್ನು ತೆಗೆದು ಕೋಷ್ಟಕದ ಮೊದಲ ಅಂಕಿಯ ಮೇಲಿಟ್ಟರು. ಮೂಲ ನೋಟ್‌ಬುಕ್ ಕೇಳಿದರು. ಅಲ್ಲಿಯ ಅಂಕಿ ನೋಡಿ, ಇಲ್ಲಿಯ ಅಂಕಿ ನೋಡಿ, ಸಣ್ಣದೊಂದು ಗುರುತು ಹಾಕಿದರು. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ನನ್ನ ಪ್ರಬಂಧದ ಒಂದೊಂದು ಅಂಕಿಯನ್ನೂ ಹೀಗೆ ನಾಲ್ಕು ತಿಂಗಳು ಮೂಲದೊಂದಿಗೆ ಹೋಲಿಸಿದರು. ಅದಕ್ಕೆ ಮೊದಲು ಒಂದು ದಿನವೂ ನನ್ನ ನೋಟ್‌ಬುಕ್ ಕೇಳಿದವರಲ್ಲ. ಸಿಟ್ಟು ಮಾಡಲಿಲ್ಲ, ತಂಗಿ ಎನ್ನುವುದನ್ನೂ ಬಿಡಲಿಲ್ಲ. ನನಗೆ ಅವರು ಬೈದಿದ್ದರೆ ಚೆನ್ನಾಗಿತ್ತು. ಎದುರು ಕೂತು ಆ ಕೆಂಪು ಗುರುತುಗಳನ್ನು ನೋಡುತ್ತಿದ್ದೆ.

ಒಂದು ಅಂಕಿಯೂ ತಪ್ಪು ಸಿಗಲಿಲ್ಲ. ಪಿಎಚ್‌.ಡಿ ಬಂತು. ಅವರ ಜೊತೆ ಬರೆದ ಲೇಖನಗಳ ಬಲದ ಮೇಲೆ ನನಗೆ ನೌಕರಿಯೂ ಸಿಕ್ಕಿತು. ಸರ್ ಪ್ರೊಫೆಸರ್ ಆಗದೆಯೇ ನಿವೃತ್ತರಾದರು. ಬೀಳ್ಕೊಡುಗೆ ಬೇಡವೆಂದರು. ಯಾರೂ ಒತ್ತಾಯ ಮಾಡಲಿಲ್ಲ. ಆಮೇಲೆ ಹಬ್ಬಕ್ಕೊಮ್ಮೆ ನಾನು ಫೋನ್ ಮಾಡುವುದು, ಯಾವ ಹೊಲ, ಎಷ್ಟು ಆಳ ಎಂದು ಅವರು ಕೇಳುವುದು, ಇಷ್ಟೇ ನಡೆಯಿತು. ಪ್ರತಿ ಸಲವೂ ಹೇಳಬೇಕೆಂದು ಫೋನ್ ಹಿಡಿಯುತ್ತಿದ್ದೆ, ಮಣ್ಣಿನ ಮಾತು ಮುಗಿಯುವುದರೊಳಗೆ ಧೈರ್ಯ ಮುಗಿಯುತ್ತಿತ್ತು.

ಅವರು ತೀರಿದ ಮೂರನೆಯ ವಾರ ಮನೆಗೆ ಹೋದೆ. ಅಮ್ಮ, ಅಂದರೆ ಅವರ ಹೆಂಡತಿ, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಕೂಡು ಎಂದರು. ನೀರು ಕೊಟ್ಟರು. ಸ್ವಲ್ಪ ಹೊತ್ತು ಮೊರದಲ್ಲಿನ ಕಲ್ಲು ಆರಿಸಿ, ತಲೆ ಎತ್ತದೆ ಕೇಳಿದರು.

"ಒಂದ್ ಮಾತು ಕೇಳ್ತೀನಿ, ಖರೇ ಹೇಳು. ಮಂದಿ ಬರದದ್ದು ತಮ್ದಂತ ಹೇಳಕೊಂಡಿದ್ರೇನು ಅವರು? ನಮ್ಮಣ್ಣ ಸುದ್ದಾ ಕೇಳಿದ. ಇಷ್ಟ್ ವರ್ಷ ಸಂಸಾರ ಮಾಡೀನಿ, ಇದೊಂದ್ ಅವರಿಗಿ ಕೇಳಾಕ ನನಗ ಬಾಯಿ ಬರ್ಲಿಲ್ಲ."

ಆ ಮಾತು ಕೇಳುವವರೆಗೂ ನನಗೆ ನಾನು ಮಾಡಿದ್ದು ಪೂರ್ತಿ ತಿಳಿದಿರಲಿಲ್ಲ. ಹುದ್ದೆ ಹೋಯಿತು, ಮಾನ ಹೋಯಿತು ಎಂದಷ್ಟೇ ತಿಳಿದಿದ್ದೆ. ಅವರ ಮನೆಯಲ್ಲೇ, ಅವರ ಎದುರು ಕೂತು ಉಂಡವರಿಗೂ ಅವರ ಮೇಲೆ ಸಂಶಯವಿತ್ತು ಎಂದು ತಿಳಿದಿರಲಿಲ್ಲ.

"ಇಲ್ಲಮ್ಮಾ. ಆ ಅಂಕಿ ನಾ ಹಾಕಿದ್ದು. ಸರ್ ನೋಡಿದ್ದಿಲ್ಲ" ಎಂದೆ. ಎಲ್ಲವನ್ನೂ ಹೇಳಿದೆ. ಬಸ್ಸಿನ ಕಿಟಕಿ, ಕೊನೆಯ ಪುಟ, ಕೆಂಪು ಪೆನ್ನು, ಎಲ್ಲ.

ಅವರ ಕೈ ಮೊರದ ಮೇಲೆ ನಿಂತಿತು. ಅವರಿಗೆ ಗೊತ್ತಿತ್ತೇನು ಎಂದು ಕೇಳಿದರು. ಗೊತ್ತಿತ್ತು ಎಂದೆ. "ಮತ್ತ ನನಗ್ಯಾಕ ಹೇಳ್ಲಿಲ್ಲ?" ಎಂದರು. ಮೊರ ಪಕ್ಕಕ್ಕಿಟ್ಟು, "ನೀನರ ಅವರಿದ್ದಾಗ ಬರಬೇಕಿತ್ತು" ಎಂದರು. ಅಳಲಿಲ್ಲ. ನನಗೂ ಅಳಲು ಬಿಡಲಿಲ್ಲ. ನನಗೊಬ್ಬಳಿಗೆ ಹೇಳಿದರೆ ಏನು ಬಂತು, ಮಂದಿಗೆ ಹೇಳು ಎಂದರು.

ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆ. ಸಂಬಂಧಿಸಿದ ಕಡತ ಮುಕ್ತಾಯವಾಗಿದೆ ಎಂದು ಉತ್ತರ ಬಂತು. ಅದಕ್ಕೇ ಇದನ್ನು ಬರೆದೆ. ಇದರಿಂದ ನನ್ನ ನೌಕರಿಗೆ ಏನಾಗುತ್ತದೋ ಗೊತ್ತಿಲ್ಲ, ಆಗುವುದಿದ್ದರೆ ಆಗಲಿ.

ಅಚ್ಚಿಗೆ ಕಳಿಸುವ ಮೊದಲು ಹೋಗಿ ಅಮ್ಮನಿಗೆ ಓದಿ ಹೇಳಿದೆ. ಹೆಸರು ಬೇಡ, 'ಹಾರ್ಟ್ ಸರ್' ಎಂದು ಕರೆದವರಿಗೆ ತಾನೇ ತಿಳಿಯುತ್ತದೆ ಎಂದರು. ಕೊನೆಯಲ್ಲಿ ನಾನು ಸರ್ ಎಂಥ ದೊಡ್ಡ ವಿಜ್ಞಾನಿ, ಸವಳಿನ ಬಗ್ಗೆ ಅವರಷ್ಟು ತಿಳಿದವರು ಯಾರಿದ್ದಾರೆ ಎಂದು ಒಂದು ಪುಟ ಬರೆದಿದ್ದೆ. ಅದನ್ನು ಅರ್ಧಕ್ಕೇ ನಿಲ್ಲಿಸಿದರು.

"ಅದೆಲ್ಲ ತಗಿ. ಕಳ್ಳ ಅಲ್ಲ ಅಂತ ಬರಿ, ಸಾಕು."

ಆ ಪುಟ ತೆಗೆದಿದ್ದೇನೆ. ನಮ್ಮ ಸರ್ ಕಳ್ಳರಲ್ಲ.